ಡ್ರೋನಣ್ಣನ ಕಾರ್ಡು

ಈಗಿನ ಮದುವೆ ಛತ್ರಗಳಲ್ಲಿ ಪುರೋಹಿತರಿಗಿಂತ ಹೆಚ್ಚು ಗತ್ತಿನಿಂದ ಓಡಾಡುವವನು ಡ್ರೋನಣ್ಣ. ಕೊರಳಲ್ಲಿ ರಿಮೋಟು, ತಲೆಯ ಮೇಲೆ ಹಿಂದುಮುಂದಾದ ಟೋಪಿ, ದೃಷ್ಟಿ ಸದಾ ಆಕಾಶದಲ್ಲಿ. ಶಾಟ್ ಸರಿಬರಲಿಲ್ಲವೆಂದು ಇಡೀ ದಿಬ್ಬಣವನ್ನೇ ಗೇಟಿನಾಚೆ ಕಳಿಸಿ ಮತ್ತೆ ನಡೆಸಿಕೊಂಡು ಬರಬಲ್ಲ. ಬೀಗರು ಕೂಡ ಚಕಾರವೆತ್ತುವುದಿಲ್ಲ. ಹಾರಿಸುವ ವಿದ್ಯೆ ಅವನಿಗೆ ಕರಗತ, ಅದರಲ್ಲಿ ಅನುಮಾನವಿಲ್ಲ. ಇಳಿಸಿದ ಮೇಲಿನ ಅರ್ಧ ನಿಮಿಷ ಮಾತ್ರ ಅವನ ಜಾತಕದಲ್ಲೇ ಇಲ್ಲ. ಹಾಗಾಗಿ ವಾರದ ಮೇಲೆ ಹುಡುಗಿಯ ತಂದೆಗೆ ಫೋನ್ ಬರುತ್ತದೆ: “ಸಾರ್, ಫೈಲ್ ಕರಪ್ಟ್ ಆಗ್ಬಿಟ್ಟಿದೆ. ಕಾರ್ಡ್ ಪ್ರಾಬ್ಲಮ್ಮು, ನಮ್ ಕೈಲೇನಿಲ್ಲ.” ದನಿಯಲ್ಲಿ ಗ್ರಹಚಾರ ತಿಳಿಸುವ ಜೋಯಿಸರ ನಿರ್ಲಿಪ್ತತೆ. ಆದರೆ ತಾವಾಗಿಯೇ ಕೆಡುವ ಫೈಲುಗಳು ಕಡಿಮೆ. ಹೆಚ್ಚಿನವು ಕೆಡುವುದು ಅವನ ಕೈಯಲ್ಲೇ ಎಂಬುದು ನನ್ನ ವಾದ.

ಡ್ರೋನು ಬರೆಯುವ ಎಂಪಿ4 ಫೈಲಿನಲ್ಲಿ ಚಿತ್ರವೆಲ್ಲ ಒಂದು ಕಡೆ ರಾಶಿ ಬೀಳುತ್ತ ಹೋಗುತ್ತದೆ. ಯಾವ ಫ್ರೇಮು ಎಲ್ಲಿದೆ, ಯಾವ ಕ್ರಮದಲ್ಲಿ ತೋರಿಸಬೇಕು ಎಂಬ ಲೆಕ್ಕ ಬೇರೆ; ಅದರ ಹೆಸರು ‘ಮೂವ್’. ಸಾಮಾನ್ಯವಾಗಿ ಆ ಲೆಕ್ಕ ಬರೆಯಲಾಗುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆಯೇ. ಡ್ರೋನಣ್ಣನಿಗೋ ರೆಕ್ಕೆ ನಿಂತರೆ ರೆಕಾರ್ಡಿಂಗೂ ನಿಂತ ಹಾಗೆ. ಕೆಂಪು ಗುಂಡಿಯನ್ನು ಮರೆತು ಬ್ಯಾಟರಿಯನ್ನೇ ಕಿತ್ತುಬಿಡುತ್ತಾನೆ, ಇಲ್ಲವೇ ಡ್ರೋನು ತೆಂಗಿನಮರಕ್ಕೆ ಬಡಿದು ಬ್ಯಾಟರಿ ತಾನೇ ಹಾರಿಹೋಗುತ್ತದೆ. ಮುಯ್ಯಿ ಕವರುಗಳೆಲ್ಲ ಚೀಲದಲ್ಲಿವೆ, ಯಾರು ಎಷ್ಟು ಕೊಟ್ಟರೆಂದು ಬರೆಯಬೇಕಾದ ಪುಸ್ತಕ ಮಾತ್ರ ಖಾಲಿ, ಅಂಥ ಸ್ಥಿತಿ. ಕಾರ್ಡಿನದೇ ತಪ್ಪು ಎಂಬ ಅವನ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೊರಗೆ 128 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಇದ್ದೇ ಇವೆ. ಆದರೆ ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಬೇಕಾದದ್ದು 12.5 ಮೆಗಾಬೈಟ್ ವೇಗ. ಅಸಲಿ ‘ವಿ30’ ಕಾರ್ಡು ಕನಿಷ್ಠ 30 ಮೆಗಾಬೈಟ್‌ಗೆ ಹೊಣೆ. ಕಾರ್ಡು ಅಸಲಿಯೋ ನಕಲಿಯೋ ಹೇಳುವ ‘ಎಚ್2ಟೆಸ್ಟ್‌ಡಬ್ಲ್ಯು’ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಡ್ರೋನಿಗೆ ನಿಂಬೆಹಣ್ಣು ಕಟ್ಟಿ ದೃಷ್ಟಿ ತೆಗೆಯಲು ಪುರುಸೊತ್ತಿರುವವನಿಗೆ ಆ ಪರೀಕ್ಷೆಗೆ ಮಾತ್ರ ಇರುವುದಿಲ್ಲ.

ಮುಹೂರ್ತ ಅವನಿಗಾಗಿ ಕಾಯುವುದಿಲ್ಲವಲ್ಲ, ಅವಸರ ಸಹಜ ಎನ್ನಬಹುದು. ಒಪ್ಪುವ ಮಾತೇ: ಗಟ್ಟಿಮೇಳ ಮೊಳಗುತ್ತಿರುವಾಗ ಬ್ಯಾಟರಿ ಬದಲಿಸುವವನ ಕೈ ನಡುಗೀತು. ಆದರೆ ಕೆಟ್ಟ ಫೈಲನ್ನು ಕೊಲ್ಲುವುದು ಆಮೇಲಿನ ಶೌರ್ಯ, ಅಲ್ಲಿ ಯಾವ ಮುಹೂರ್ತದ ಒತ್ತಡವೂ ಇಲ್ಲ. ಸೊನ್ನೆ ಕೆಬಿ ಎಂದು ತೋರುವ ಫೈಲಿನ ಚಿತ್ರಗಳೂ ಎಷ್ಟೋ ಸಲ ಕಾರ್ಡಿನಲ್ಲೇ ಉಳಿದಿರುತ್ತವೆ, ಮೇಲೆ ಇನ್ನೊಂದನ್ನು ಬರೆಯುವ ತನಕ. ಇವನು ಹಿಂದಿನ ಸಂಜೆಯ ಆರತಕ್ಷತೆಯ ಮೇಲೆ ಬೆಳಗಿನ ಧಾರೆಯನ್ನು ಎರೆದುಬಿಡುತ್ತಾನೆ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರು ಕೇಳಿದರೆ ವರನಿಗಿಂತ ಬೇಗ ಒಪ್ಪುತ್ತಾನೆ. ಕಳೆದ ಫೈಲುಗಳನ್ನು ಹುಡುಕಿಕೊಡುವ ‘ಫೋಟೊರೆಕ್’ ತಂತ್ರಾಂಶ ಹಾಕಿ ತೆಗೆದದ್ದನ್ನು ಅದೇ ಕಾರ್ಡಿಗೇ ತುಂಬುತ್ತಾನೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಕಾರ್ಡಿನ ಪೂರ್ತಿ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ ಆ ಪ್ರತಿಯ ಮೇಲಷ್ಟೇ ಪ್ರಯೋಗ ಮಾಡಬೇಕು. ‘ಅನ್‌ಟ್ರಂಕ್’ನಂಥ ತಂತ್ರಾಂಶ ಕಳೆದುಹೋದ ಲೆಕ್ಕವನ್ನು ಮತ್ತೆ ಕಟ್ಟಲು ನೋಡುತ್ತದೆ, ಅದಕ್ಕೆ ಅದೇ ಡ್ರೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೊ ಮಾದರಿಗೆ ಬೇಕು. ಡ್ರೋನಣ್ಣ ಹಾರಾಟಕ್ಕೊಂದು ಸೆಟ್ಟಿಂಗ್ ಬದಲಿಸುವ ಕಲಾವಿದ, ಮಾದರಿ ಸಿಗುವುದಾದರೂ ಎಲ್ಲಿ?

ಫೋನಿನ ಆ್ಯಪಿನಲ್ಲಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆ, ಇಷ್ಟೆಲ್ಲ ಗಾಬರಿ ಯಾಕೆ ಎಂದು ತಿಳಿದವರು ಕೇಳಿಯಾರು. ಕೆಲವು ಡ್ರೋನುಗಳ ಆ್ಯಪು ಹಾರಾಟದ ದೃಶ್ಯವನ್ನು ಕಡಿಮೆ ಗುಣಮಟ್ಟದಲ್ಲಿ ಫೋನಿನಲ್ಲೂ ಉಳಿಸಿಕೊಳ್ಳುವುದು ನಿಜ. ಏನೂ ಇಲ್ಲದ ಮನೆಗೆ ಅದೇ ಆಲ್ಬಮ್ಮು. ಆದರೆ ಫೋನಿನಲ್ಲಿ ಜಾಗ ಸಾಲದೆಂದು ಡ್ರೋನಣ್ಣ ಆ ಸೌಲಭ್ಯವನ್ನು ಎಂದೋ ಬಂದ್ ಮಾಡಿದ್ದಾನೆ. ಜಾಗ ತಿಂದಿರುವುದು ಡ್ರೋನನ್ನು ಎತ್ತಿಹಿಡಿದು ತೆಗೆದುಕೊಂಡ ಅವನದೇ ಸೆಲ್ಫಿಗಳು. ಅವುಗಳಲ್ಲಿ ಒಂದಾದರೂ ಕರಪ್ಟ್ ಆದದ್ದು ಇದುವರೆಗೆ ಯಾರೂ ಕೇಳಿಲ್ಲ.