ಕೆಂಪುಗೆರೆ ಮೀಮಾಂಸೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕಥನದಲ್ಲಿ ಪುಕ್ಕಟೆ ತಿದ್ದುಗಾರಿಕೆ

ಇನ್ನು ಕೆಂಪುಗೆರೆಯ ವಿಚಾರ. ಕಥೆಗಾರನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಒಂದು ಪದ ಒತ್ತಿದ ಮರುಗಳಿಗೆಯಲ್ಲಿ ಅದರ ಅಡಿಗೆ ಡೊಂಕುಡೊಂಕಾಗಿ ಮೂಡುವ ಗೆರೆಗೆ ಕೆಂಪುಗೆರೆ ಎಂದು ಹೆಸರು. ಅದು ಎಲ್ಲಿಂದ ಬಂತು, ಯಾರ ಮೇಲೆ ಬೀಳುತ್ತದೆ, ಬಿದ್ದ ಮೇಲೆ ಕಥೆಯ ಗತಿ ಏನು ಎಂಬುದೇ ಈ ಪ್ರಬಂಧದ ವಸ್ತು. ವಸ್ತು ಗಹನವಾದ್ದರಿಂದ ಓದುಗರು ಚಹಾ ಕುಡಿದು ಕೂಡುವುದು ಮೇಲು.

ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳೇ ಯಾಕೆ ಎಂದು ಮಾರ್ಗದರ್ಶಕರು ಕೇಳುವುದು ವಾಡಿಕೆ. ಕಾರಣ ಶಾಸ್ತ್ರೀಯವಾದದ್ದು. ಆಳಂದ ಮಹಾರಾಷ್ಟ್ರದ ಗಡಿಗೆ ಒರಗಿ ಕೂತಿದೆ. ಅಲ್ಲಿನ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಟಿಕೆಟ್ ಇಲ್ಲದೆ ಪ್ರಯಾಣ ಮಾಡುತ್ತವೆ. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಿಜಾಮನ ಸರ್ಕಾರ. ಕಚೇರಿಯ ಕಾಗದ ಉರ್ದುವಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಅಫಜಲಪುರಕ್ಕೆ ಭೀಮೆ ಇದ್ದಾಳೆ, ಗಾಣಗಾಪುರದ ಸಂಗಮದಲ್ಲಿ ಅಮರ್ಜೆ ಬಂದು ಆಕೆಯನ್ನು ಕೂಡುತ್ತಾಳೆ. ಜೇವರ್ಗಿಯಲ್ಲಿ ‘ಅಖಂಡೇಶ್ವರ’ ಅಂಕಿತದ ವಚನಕಾರ ಷಣ್ಮುಖ ಶಿವಯೋಗಿ 17ನೇ ಶತಮಾನದಲ್ಲೇ ಬರೆದಿಟ್ಟು ಹೋದರು. ಇಂಥ ನೆಲದಲ್ಲಿ ಕೆಂಪುಗೆರೆ ಎಷ್ಟು ಹುಲುಸಾಗಿ ಬೆಳೆಯುತ್ತದೆಂದರೆ, ಪರಿಶೋಧಕ ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಮೊದಲು ‘ಪುಕ್ಕಟೆ’ಯ ಲಕ್ಷಣ. ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ಮಾಧುಕರಿ ಬೇಡುವ ಸಂಪ್ರದಾಯವಿದೆ. ದತ್ತನೇ ಯಾವುದೋ ವೇಷದಲ್ಲಿ ಬರುತ್ತಾನೆ ಎಂಬ ನಂಬಿಕೆಯಿಂದ ಜೋಳಿಗೆ ಹಿಡಿದವನಿಗೆ ಊಟ ಬೀಳುತ್ತದೆ. ಆನ್‌ಲೈನ್ ತಿದ್ದುಯಂತ್ರಗಳ ಮಾಧುಕರಿ ಬೇರೆ ಬಗೆಯದು. ಎರಡು ತುತ್ತು ಹಾಕಿ, ಮೂರನೆಯದನ್ನು ಬಾಯಿಯ ಹತ್ತಿರ ತಂದು, ‘ಉಳಿದ ತಪ್ಪುಗಳನ್ನು ನೋಡಲು ಪ್ರೀಮಿಯಂ ಕೊಳ್ಳಿರಿ’ ಎನ್ನುತ್ತವೆ. ತಪ್ಪು ಇದೆ, ಆದರೆ ಎಲ್ಲಿದೆ ಎಂದು ಹೇಳುವುದಿಲ್ಲ ಎಂಬ ಈ ನಿಲುವು ಹಳೆಯ ಕಾಲದ ಜ್ಯೋತಿಷಿಗಳಿಗೂ ತಿಳಿದಿತ್ತು.

ಯಂತ್ರದ ವಂಶಾವಳಿಯನ್ನು ಪಶ್ಚಿಮದಲ್ಲಿ ಹುಡುಕುವವರು ನಮ್ಮ ಜಿಲ್ಲೆಯನ್ನೇ ಮರೆತಿದ್ದಾರೆ. ಕ್ರಿ.ಶ. 850ರ ಸುಮಾರಿಗೆ ಇಲ್ಲಿಯ ಸೇಡಂ ತಾಲೂಕಿನ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ಯಾವುದು ದೋಷ, ಯಾವುದು ಗುಣ, ಯಾವ ಪದ ಯಾವುದರ ಜೊತೆ ಕೂಡಬಾರದು ಎಂದು ಪಟ್ಟಿ ಮಾಡಿದ ಆ ಗ್ರಂಥವೇ ಕನ್ನಡದ ಮೊದಲ ತಿದ್ದುಯಂತ್ರ. ಖಾತೆ ತೆರೆಯುವ ಕಾಟವಿಲ್ಲ. ಆದರೆ ಅದರಲ್ಲಿ ಇಂದಿನ ಯಂತ್ರಗಳಲ್ಲಿಲ್ಲದ ಒಂದು ಸೌಲಭ್ಯವಿತ್ತು. ದೇಸಿಗಳು ಬೇರೆ ಬೇರೆಯಾದ್ದರಿಂದ ಅವುಗಳ ದೋಷ ಎಣಿಸಹೊರಟರೆ ಸಾಕ್ಷಾತ್ ವಾಸುಕಿಗೂ ಬೇಸರ ಬಂದೀತು ಎಂದು ಅದು ಒಪ್ಪಿಕೊಳ್ಳುತ್ತದೆ. ಸಾವಿರ ನಾಲಗೆಯ ಸರ್ಪ ಕೈಚೆಲ್ಲಿದ ಕೆಲಸವನ್ನು ಒಂದು ನಾಲಗೆಯೂ ಇಲ್ಲದ ತಂತ್ರಾಂಶ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಬೇಸರ ಅದಕ್ಕೆ ಗೊತ್ತಿಲ್ಲ. ದೋಷ ಇರುವುದು ಅಲ್ಲೇ.

ಈಗ ಪ್ರಯೋಗಕ್ಕೆ ಬರೋಣ. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳೊಳಗೆ ಕೂತು ಪದ ಪರೀಕ್ಷಿಸುವ ತಂತ್ರಾಂಶದ ಹೆಸರು ಹನ್‌ಸ್ಪೆಲ್. ಲಾಸ್ಲೊ ನೇಮೆತ್ ಎಂಬ ಹಂಗೇರಿಯವರು ತಮ್ಮ ಭಾಷೆಗೆಂದು ಕಟ್ಟಿದ್ದು. ಹಂಗೇರಿಯ ಭಾಷೆಯಲ್ಲೂ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿ ಕೂಡುತ್ತದೆ, ಹಾಗಾಗಿ ಯಂತ್ರದ ಮೇಲೆ ನಮ್ಮ ತಕರಾರಿಲ್ಲ. ತಕರಾರು ಅದಕ್ಕೆ ಕೊಟ್ಟ ಪದಪಟ್ಟಿಯ ಮೇಲೆ. ಪಟ್ಟಿಯಲ್ಲಿದ್ದರೆ ಪದ, ಇಲ್ಲದಿದ್ದರೆ ಅಪರಾಧ.

ಅಪರಾಧಿ ಪದಕ್ಕೆ ಬದಲಿ ಸೂಚಿಸುವಾಗ ಇಂಥ ಯಂತ್ರಗಳು ನೆಚ್ಚುವ ಲೆಕ್ಕವೊಂದಿದೆ. 1965ರಲ್ಲಿ ರಷ್ಯದ ಗಣಿತಜ್ಞ ಲೆವೆನ್‌ಷ್ಟೈನ್ ಹೇಳಿದ್ದು: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಚಿಹ್ನೆ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬುದೇ ಅವೆರಡರ ನಡುವಿನ ದೂರ. ಜೇವರ್ಗಿಯ ಕಥೆಗಾರ ‘ಗೌಡ ಹೊಂಟ’ ಎಂದು ಬರೆದನೆನ್ನಿ. ‘ಹೊಂಟ’ದಲ್ಲಿ ಸೊನ್ನೆ ತೆಗೆದು ‘ರ’ ಇಟ್ಟರೆ ‘ಹೊರಟ’, ದೂರ ಒಂದು. ಮೊದಲಿನ ‘ಹ’ ತೆಗೆದು ‘ಸ’ ಇಟ್ಟರೆ ‘ಸೊಂಟ’, ದೂರ ಅದೂ ಒಂದೇ. ಗಣಿತಕ್ಕೆ ಎರಡೂ ಸಮ. ಗೌಡ ಊರು ಬಿಟ್ಟು ಹೊರಟದ್ದಕ್ಕೂ ಗೌಡನ ಸೊಂಟಕ್ಕೂ ಕೂದಲೆಳೆಯ ವ್ಯತ್ಯಾಸವನ್ನೂ ಕಾಣದ ಶಾಸ್ತ್ರವೊಂದು ನಮ್ಮ ಕಾದಂಬರಿಗಳನ್ನು ತಿದ್ದಲು ಕೂತಿದೆ ಎಂಬುದನ್ನು ವಿದ್ವಜ್ಜನರು ಗಮನಿಸಬೇಕು.

ಇದಕ್ಕಿಂತ ರೋಚಕವಾದದ್ದು ತರಗತಿ ಸಿದ್ಧಾಂತ. ಹೆಮಿಂಗ್ವೆ ಎಡಿಟರ್ ಎಂಬ ಇಂಗ್ಲಿಷ್ ತಾಣಕ್ಕೆ ನಿಮ್ಮ ಬರಹ ಕೊಟ್ಟರೆ ಉದ್ದ ವಾಕ್ಯಕ್ಕೆ ಹಳದಿ, ಅತಿ ಉದ್ದಕ್ಕೆ ಕೆಂಪು ಬಳಿದು, ಇದನ್ನು ಓದಲು ಎಷ್ಟನೇ ತರಗತಿ ಓದಿರಬೇಕು ಎಂದು ತೀರ್ಪು ಕೊಡುತ್ತದೆ. ತೀರ್ಪಿನ ಹಿಂದಿನ ಸೂತ್ರ 1967ರಲ್ಲಿ ಅಮೆರಿಕದ ವಾಯುಪಡೆಗಾಗಿ ಸ್ಮಿತ್ ಮತ್ತು ಸೆಂಟರ್ ಎಂಬಿಬ್ಬರು ಹೆಣೆದದ್ದು. ಪದಕ್ಕೆ ಸರಾಸರಿ ಎಷ್ಟು ಅಕ್ಷರವೋ ಅದನ್ನು 4.71ರಿಂದ ಗುಣಿಸು, ವಾಕ್ಯಕ್ಕೆ ಎಷ್ಟು ಪದವೋ ಅದರ ಅರ್ಧ ಕೂಡಿಸು, 21.43 ಕಳೆ. ಈಗ ಜೇವರ್ಗಿ ತಾಲೂಕಿನ ಯಾವುದೋ ಕಟ್ಟೆಯ ಮೇಲೆ ಕೂತು ಮುದುಕಿಯೊಬ್ಬಳು ಆಡಬಹುದಾದ ಮಾತು ತೆಗೆದುಕೊಳ್ಳಿ: ‘ಬರಬೇಕಾಗಿತ್ತಂತಲ್ಲೋ!’ ಒಂದೇ ಪದ, ಒಂದೇ ವಾಕ್ಯ, ಅದರೊಳಗೆ ಒಂದು ಇಡೀ ಆಪಾದನೆ. ಕಂಪ್ಯೂಟರ್ ಎಣಿಸುವ ಹಾಗೆ ಕಾಗುಣಿತ, ಸೊನ್ನೆ, ಒತ್ತಿನ ಕೊಂಡಿ ಎಲ್ಲ ಬಿಡಿಸಿ ಎಣಿಸಿದರೆ 17 ಚಿಹ್ನೆ. ಸೂತ್ರಕ್ಕೆ ಹಾಕಿದರೆ ಉತ್ತರ 59.14. ಅಂದರೆ ಈ ಮಾತು ತಿಳಿಯಬೇಕಾದರೆ ಐವತ್ತೊಂಬತ್ತನೆಯ ತರಗತಿ ಪಾಸಾಗಿರಬೇಕು. ಆಡಿದ ಮುದುಕಿ ಸಾಲಿ ಕಟ್ಟಿ ಹತ್ತಿದವಳಲ್ಲ. ಕೇಳಿಸಿಕೊಂಡ ಮೊಮ್ಮಗ ಅಂಗನವಾಡಿಯಲ್ಲಿದ್ದಾನೆ, ತಿಳಿದು ತಲೆ ತಗ್ಗಿಸಿದ್ದಾನೆ.

ಇದು ಅನ್ಯಾಯ ಎಂದು ಕೆಲವರು ಅಕ್ಷರಗಳನ್ನು ಕನ್ನಡದ ಕ್ರಮದಲ್ಲೇ ಎಣಿಸಿ ಎಂದಾರು. ಎಣಿಸೋಣ. ಎಂಟು ಅಕ್ಷರ, ಉತ್ತರ 16.75. ಎಂ.ಎ. ಮುಗಿಯಲು ಕಾಲು ವರ್ಷ ಬಾಕಿ. ಅದನ್ನು ಪೂರೈಸಲು ಮುದುಕಿ ದೂರ ಹೋಗಬೇಕಾಗಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದು ಶುರುವಾದದ್ದು 2009ರಲ್ಲಿ, ಗ್ರಾಮರ್ಲಿ ಎಂಬ ಜಗತ್ಪ್ರಸಿದ್ಧ ತಿದ್ದುಯಂತ್ರ ಹುಟ್ಟಿದ್ದೂ ಅದೇ ವರ್ಷ. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್.ಡಿ.ಗೆ ಲಾಯಕ್ಕಲ್ಲ.

ಗ್ರಾಮರ್ಲಿಗೆ ಕನ್ನಡ ಬಾರದು. ಆದ್ದರಿಂದ ಉತ್ಸಾಹಿ ಕಥೆಗಾರ ತನ್ನ ಕಥೆಯನ್ನು ಯಂತ್ರಾನುವಾದದ ಬಂಡಿ ಹತ್ತಿಸಿ ಇಂಗ್ಲಿಷಿಗೆ ಕಳಿಸುತ್ತಾನೆ (ಗೂಗಲ್‌ನ ಬಂಡಿಗೆ ಕನ್ನಡ ಹತ್ತಿದ್ದು 2011ರ ಜೂನ್‌ನಲ್ಲಿ), ಅಲ್ಲಿ ತಿದ್ದಿಸಿ, ಮತ್ತೆ ಕನ್ನಡಕ್ಕೆ ಕರೆಸಿಕೊಳ್ಳುತ್ತಾನೆ. ಹೋದದ್ದು ಬರುತ್ತದೆ, ಹೋದ ಹಾಗೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಮಾಮಾ, ಕಾಕಾ, ದೊಡ್ಡಪ್ಪ ಎಲ್ಲರಿಗೂ ಒಂದೇ ಅಂಕಲ್. ಅಫಜಲಪುರದ ನಾಯಕ ಸೋದರಮಾವನ ಮಗಳನ್ನು ಮದುವೆಯಾಗಿ ಊರಿಗೆಲ್ಲ ಊಟ ಹಾಕಿಸಿದ ಕಥೆ, ಹಿಂದಿರುಗುವಾಗ ಚಿಕ್ಕಪ್ಪನ ಮಗಳನ್ನು ಕಟ್ಟಿಕೊಂಡ ಕಥೆಯಾಗಿಬಿಡಬಹುದು. ವ್ಯಾಕರಣ ಶುದ್ಧ, ಮನೆತನಕ್ಕೆ ಬಹಿಷ್ಕಾರ.

ಇಲ್ಲಿಗೆ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ‘ಅದೆಲ್ಲಾ ಖರೆ ಅದರಿ ಸರ, ಆದ್ರ ನಾವು ಖರೇನೇ ತಪ್ಪು ಬರದ್ರ ಯಾರು ಹೇಳ್ತಾರ?’ ಪ್ರಶ್ನೆ ನ್ಯಾಯವಾದದ್ದು. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದದ್ದು, ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ದಿಕ್ಕೆಟ್ಟದ್ದು, ಇವನ್ನೆಲ್ಲ ಯಂತ್ರವೇ ನೋಡಲಿ. ಈ ಲೇಖಕನ ಅಭಿಪ್ರಾಯದಲ್ಲಿ ಎಲ್ಲ ಪುಕ್ಕಟೆ ಸಾಧನಗಳಲ್ಲಿ ಉತ್ತಮವಾದದ್ದು, ಯಾರೂ ಹೊಗಳದ, ‘ಹುಡುಕು’ ಎಂಬ ಪೆಟ್ಟಿಗೆ. ನಿಮ್ಮ ಕಥೆಯಲ್ಲಿ ‘ನಿಟ್ಟುಸಿರು’ ಎಂದು ಹುಡುಕಿ ನೋಡಿರಿ. ಎಂಟು ಪುಟದಲ್ಲಿ ಹನ್ನೊಂದು ನಿಟ್ಟುಸಿರು ಬಿಟ್ಟ ನಾಯಕಿಯನ್ನು ದವಾಖಾನಿಗೆ ಒಯ್ಯಬೇಕೇ ಹೊರತು ಎರಡನೇ ಅಧ್ಯಾಯಕ್ಕಲ್ಲ.

ಉಳಿದ ತಿದ್ದುಗಾರಿಕೆಗೆ ಈ ಸೀಮೆಯಲ್ಲಿ ಹಿಂದಿನಿಂದಲೂ ಒಂದು ವ್ಯವಸ್ಥೆ ಇದೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಮೊದಲು ಜೇವರ್ಗಿ ತಾಲೂಕಿನಲ್ಲಿದ್ದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದಗಳು ಬಹುಕಾಲ ಉಳಿದದ್ದು ಬಾಯಿಂದ ಬಾಯಿಗೆ. ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಅವರ ಪದಗಳ ದಾರಿಯೂ ಅದೇ. ಏಕತಾರಿ, ತಾಳ, ದಮ್ಮಡಿ ಹಿಡಿದ ಭಜನೆ ಮೇಳವೇ ಸಂಪಾದಕ ಮಂಡಳಿ. ನಾಲಗೆಗೆ ಒಗ್ಗದ ಮಾತು ತಾನಾಗಿ ಸವೆದುಹೋಗುತ್ತದೆ, ಮೇಳ ಮರೆತ ಸಾಲಿಗೆ ಮೇಲ್ಮನವಿ ಇಲ್ಲ. ಪಾಠಾಂತರಗಳಿಂದ ವಿದ್ವಾಂಸರಿಗೆ ತಲೆನೋವು, ಹಾಡುವವರಿಗೆ ಅಲ್ಲ. ಗುರುವಿನ ಪದ ಜಲಾಲಸಾಹೇಬರ ಬಾಯಲ್ಲಿ ಬಂದಾಗ ಯಾವ ಯಂತ್ರವೂ ‘ಪರಭಾಷೆ’ ಎಂದು ಗೆರೆ ಎಳೆಯಲಿಲ್ಲ.

ಗದ್ಯದವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಕಥೆಯನ್ನು ಗಟ್ಟಿಯಾಗಿ ಓದಬೇಕು, ಕೇಳುವವರು ‘ಮುಂದ?’ ಅನ್ನಬೇಕು. ಅನ್ನದೆ ಎದ್ದು ಎಮ್ಮೆಗೆ ಮೇವು ಹಾಕಲು ಹೋದರೆ ಆ ಪುಟ ಹರಿಯಬೇಕು. ಕೇಳುವವರು ಸಿಗದಿದ್ದರೆ ಮೊಬೈಲಿನಲ್ಲೇ ಕನ್ನಡ ಓದಿ ಹೇಳುವ ಸೌಲಭ್ಯವಿದೆ. ಅದರ ಸಪ್ಪೆ ದನಿಯಲ್ಲೂ ನಿಂತ ವಾಕ್ಯ ಎಲ್ಲಿಯಾದರೂ ನಿಲ್ಲುತ್ತದೆ.

ಆಡುಮಾತಿನಲ್ಲಿ ಬರೆದರೆ ದೊಡ್ಡವರು ಒಪ್ಪುತ್ತಾರೆಯೇ ಎಂಬ ಅಂಜಿಕೆಗೆ ಒಂದೇ ಉತ್ತರ ಸಾಕು. ಕಲಬುರಗಿಯ ಗೀತಾ ನಾಗಭೂಷಣ ಅವರ ‘ಬದುಕು’ ಈ ಸೀಮೆಯ ಮಾತಿನಲ್ಲೇ ಉಸಿರಾಡುವ ಕಾದಂಬರಿ. ಯಂತ್ರಕ್ಕೆ ಕೊಟ್ಟರೆ ಪುಟಕ್ಕೆ ಪುಟ ಕೆಂಪಾದೀತು. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಟ್ಟವರ ಕಣ್ಣಿಗೆ ಆ ಕೆಂಪು ಕಾಣಲಿಲ್ಲ.

ಆದಕಾರಣ ಮೂರೂ ತಾಲೂಕುಗಳ ಕಥೆಗಾರರಲ್ಲಿ ಅರಿಕೆ. ‘ಹೊಂಟ’ದ ಅಡಿ ಗೆರೆ ಬಿದ್ದಾಗ ಪದ ಅಳಿಸಬೇಡಿರಿ. ಮೌಸಿನ ಬಲಗುಂಡಿ ಒತ್ತಿದರೆ ‘ನಿಘಂಟಿಗೆ ಸೇರಿಸು’ ಎಂಬ ಸಾಲು ಬರುತ್ತದೆ, ಅದನ್ನು ಆರಿಸಿರಿ. ‘ಅಂವ’, ‘ಆಕಿ’, ‘ಖರೆ’, ‘ಮುಂಜಾನಿ’, ‘ದವಾಖಾನಿ’ ಎಲ್ಲವನ್ನೂ ಒಂದೊಂದಾಗಿ ಸೇರಿಸಿರಿ. ಹನ್‌ಸ್ಪೆಲ್ ಮುಕ್ತ ತಂತ್ರಾಂಶ, ಪದಪಟ್ಟಿಯನ್ನು ಯಾರು ಬೇಕಾದರೂ ಬೆಳೆಸಬಹುದು. ಇದಕ್ಕೆ ಪ್ರೀಮಿಯಂ ಬೇಕಾಗಿಲ್ಲ.