ಬದನೆಕಾಯಿಗೆ ಗಡಿಪಾರು, ಬೀಡಿಗೆ ಜಾಮೀನು

ಹಾವೇರಿ ಸೀಮೆಯಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ಮೊದಲ ಶಿಕ್ಷೆ ಬದನೆಕಾಯಿಗೆ. ‘ನಂಜು, ಹೊಲಿಗಿ ಕೀವು ಆಗ್ತೈತಿ’ ಎಂಬ ಆರೋಪದ ಮೇಲೆ ಅಡುಗೆಮನೆಯಿಂದಲೇ ಗಡಿಪಾರು. ಸಾಕ್ಷಿ ಬೇಡ, ವಿಚಾರಣೆ ಬೇಡ. ಅತ್ತೆಯ ತೀರ್ಪೇ ಅಂತಿಮ.

ಅತ್ತ ರೋಗಿ ಒಂದು ಕೈಯಲ್ಲಿ ಹೊಲಿಗೆ ಅದುಮಿಕೊಂಡು, ಆಸ್ಪತ್ರೆ ಗೇಟಿನಾಚೆಯ ಚಹಾದಂಗಡಿ ಬೆಂಚಿನ ಮೇಲೆ ಬೀಡಿ ಬಾಯಿಗಿಟ್ಟಿರುತ್ತಾನೆ. ಕಡ್ಡಿ ಗೀರಿ ಕೊಟ್ಟವನು, ಪಥ್ಯದ ಉಸ್ತುವಾರಿ ಹೊತ್ತ ಅಳಿಯ.

ಅರಿವಳಿಕೆ ಡಾಕ್ಟರು ಮೊದಲೇ ಕೇಳಿದ್ದರು:

‘ಬೀಡಿ ಸೇದ್ತೀರೇನು?’

‘ಬಿಟ್ಟೇನ್ರಿ.’

‘ಯಾವಾಗ?’

‘ಈಗ ಒಳಗ ಬರೋವಾಗ, ಗೇಟ್ ಹತ್ರ.’

ಚರ್ಮಕ್ಕೆ ಈ ಜಾಣತನ ಗೊತ್ತಾಗುವುದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಗಾಯ ಕೂಡಲು ಬೇಕಾದ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಉಸಿರೂ ಕಡಿಮೆ. ಹೆದ್ದಾರಿ ಅಪಘಾತದಲ್ಲಿ ಕಾಲಿನ ಚರ್ಮ ಕಿತ್ತುಹೋದವನಿಗೆ ಪಕ್ಕದ ಚರ್ಮ ಸರಿಸಿ ಕೂಡಿಸಿದರೆ, ಅದರ ಅಂಚು ಕಪ್ಪಾಗಿ ಸಾಯುವ ಅಪಾಯ ಸೇದುವವರಲ್ಲೇ ಹೆಚ್ಚು. ಸೋಂಕೂ ಹೆಚ್ಚು, ಹೊಲಿಗೆ ಬಿಚ್ಚಿಕೊಳ್ಳುವುದೂ ಹೆಚ್ಚು. ಜೊತೆಗೆ ಮುಖಕ್ಕೆ ಸುಕ್ಕು ಬೋನಸ್. ಸುಕ್ಕಿಗೆ ಮರ್ಯಾದೆ ಇರುವುದು 2011ರಲ್ಲಿ ಜಿಐ ಟ್ಯಾಗ್ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಮಾತ್ರ. ನಮ್ಮ ನಿಮ್ಮ ಗಲ್ಲವನ್ನು ಯಾವ ಎಪಿಎಂಸಿಯೂ ಟೆಂಡರಿಗೆ ಕರೆಯುವುದಿಲ್ಲ.

ಗಾಯ ಬಾಯಿಬಿಟ್ಟಾಗ ಪಂಚಾಯ್ತಿ ಸೇರುತ್ತದೆ. ರಾಣೆಬೆನ್ನೂರಿನ ಡಾಕ್ಟರ ಕೈಗುಣ ಸರಿಯಿಲ್ಲ, ದಾರ ಕಳಪೆ, ಎದುರುಮನೆಯವಳ ಕಣ್ಣು, ಮದುವೆಯೂಟದಲ್ಲಿ ತಿಂದ ಎಣ್ಣೆಗಾಯಿ. ಕೊನೆಗೆ ‘ನಡೀರಿ ಹುಬ್ಬಳ್ಳಿಗೆ, ಇಲ್ಲಾ ದಾವಣಗೆರೆಗೆ’. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಬೀಡಿಯೂ ಜೊತೆಗೇ ಹೊರಡುತ್ತದೆ. ಅದರ ಹೆಸರು ಚಾರ್ಜ್‌ಶೀಟಿನಲ್ಲೇ ಇಲ್ಲ.

ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿ ಇತ್ತು. 2024ರ ರಾಜ್ಯ ತಿದ್ದುಪಡಿ ಅದನ್ನು 1000ಕ್ಕೆ ಏರಿಸಿತು. ಎರಡನೇ ಸಲ ಹೊಲಿಸಿಕೊಳ್ಳುವ ಬಿಲ್ಲಿನೆದುರು ಇದು ಚಿಲ್ಲರೆ.

ಶಸ್ತ್ರಚಿಕಿತ್ಸೆಗೆ 4 ವಾರ ಮೊದಲೇ ಬಿಡಿ, ಗಾಯ ಮಾಯುವವರೆಗೂ ಮುಟ್ಟಬೇಡಿ ಎನ್ನುತ್ತದೆ ವೈದ್ಯಶಾಸ್ತ್ರ. ‘ಅಷ್ಟು ದಿನ ಎಲ್ಲಿ ಕಾಯೋದ್ರಿ?’ ಎಂದು ಕೇಳುವವರು, ಅಮಾವಾಸ್ಯೆ ಬಂತು, ಬಿತ್ತನೆ ಬಂತು, ಜಾತ್ರೆ ಬಂತು ಎಂದು ಹರ್ನಿಯಾ ಆಪರೇಷನ್ನನ್ನು ಮೂರು ವರ್ಷದಿಂದ ಮುಂದೂಡಿಕೊಂಡು ಬಂದವರೇ. ತುರ್ತಿಲ್ಲದಿದ್ದರೆ ಇನ್ನೊಂದು 4 ವಾರ ಬೀಡಿಗಾಗಿಯೂ ಮುಂದೂಡಿ. ಅಷ್ಟರಲ್ಲಿ ಹೆಚ್ಚುಕಡಿಮೆ ಒಂದು ಅಮಾವಾಸ್ಯೆಯೂ ದಾಟಿರುತ್ತದೆ; ಡಾಕ್ಟರೂ ಖುಷಿ, ಪಂಚಾಂಗವೂ ಖುಷಿ.