ಸೆಕೆಂಡಿಗೆ ಮುಂಚೆ ಥರ್ಡ್ ಮುಟ್ಟಿಸಿ

ಕ್ಲಚ್ ರಾಯರ ಕಾರನ್ನು ರಾಯರ ಹೊರತು ಬೇರೆ ಯಾರೂ ಓಡಿಸಲಾರರು. ಇದನ್ನು ದೂರು ಎಂದು ತಿಳಿಯಬೇಡಿ; ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಮೈಸೂರಿನ ಕುವೆಂಪುನಗರದ ಕಡೆ ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ಮನೆ ಕಟ್ಟಿ ಆಗಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ, ಗೇಟಿನೊಳಗೆ ಒಂದು ಮಾರುತಿ 800 ನಿಂತಿರುತ್ತದೆ. ನಮ್ಮ ರಾಯರದು 1997ರ ಮಾಡೆಲ್ಲು. ಮೂರು ಸಿಲಿಂಡರು, 796 ಸಿಸಿ, ನಾಲ್ಕು ಗೇರು, ಕಾರ್ಬುರೇಟರು. 15 ವರ್ಷ ತುಂಬಿದಾಗ ಎಲ್ಲರೂ ‘ಮಾರಿಬಿಡಿ’ ಅಂದರು. ರಾಯರು ಆರ್‌ಟಿಓ ಕಚೇರಿಗೆ ಹೋಗಿ, ಹಸಿರು ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಬಂದರು. ಅದು ಮುಗಿದಾಗ ಮತ್ತೆ ಐದು. ಪಿಂಚಣಿಗೆ ಕೊಡಬೇಕಾದ ಲೈಫ್ ಸರ್ಟಿಫಿಕೇಟು ತಡವಾದರೂ ಆದೀತು, ಕಾರಿನದು ಒಂದು ದಿನವೂ ಆಚೀಚೆ ಆಗುವುದಿಲ್ಲ.

ಯಾರಿಗಾದರೂ ಕೀ ಕೊಡಲೇಬೇಕಾದ ಸಂದರ್ಭ ಬಂದರೆ (ಬರುವುದು ಅಳಿಯ ಊರಿಗೆ ಬಂದಾಗ ಮಾತ್ರ) ಮೊದಲು ಉಪದೇಶ ನಡೆಯುತ್ತದೆ. ‘ನೋಡಿ, ರಿವರ್ಸ್ ಹಾಕೋ ಮುಂಚೆ ಕ್ಲಚ್ ಪೂರ್ತಿ ತುಳಿದು ಮೂರು ಸಲ ಗೋವಿಂದ ಅನ್ನಿ. ಆಮೇಲೆ ಹಾಕಿ. ಆತುರಪಟ್ಟರೆ ಗಾಡಿಯೇ ಗೋವಿಂದ. ಫಸ್ಟಿಂದ ಸೀದಾ ಸೆಕೆಂಡಿಗೆ ಎಳೀಬೇಡಿ, ಕರ್ ಅನ್ನುತ್ತೆ. ಥರ್ಡಿಗೆ ಹಂಗೇ ಒಂಚೂರು ಮುಟ್ಟಿಸಿ, ಆಮೇಲೆ ಸೆಕೆಂಡಿಗೆ ತನ್ನಿ. ಬಲವಂತ ಮಾಡಬಾರದು, ಕೇಳಿಕೊಳ್ಳಬೇಕು.’ ಅಳಿಯ ಕೀಯನ್ನು ತಿರುಗಿ ಮಾವನ ಕೈಯಲ್ಲೇ ಇಟ್ಟು ಟ್ಯಾಕ್ಸಿ ಕರೆಸುತ್ತಾನೆ. ಮಾವನಿಗೆ ಬೇಕಾಗಿದ್ದೂ ಅದೇ.

ತಮಾಷೆಯೆಂದರೆ ಈ ಉಪದೇಶದಲ್ಲಿ ಮೂಢನಂಬಿಕೆ ಎಳ್ಳಷ್ಟೂ ಇಲ್ಲ. ಮುಂದಿನ ಗೇರುಗಳಿಗೆ ಸಿಂಕ್ರೋ ರಿಂಗ್ ಎಂಬ ಬಳೆ ಇರುತ್ತದೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತಂದು, ಆಮೇಲೆ ಹಲ್ಲು ಕೂಡಿಸುವುದು ಅದರ ಕೆಲಸ. ಹಳೇ ಕಾರುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಆ ಬಳೆ ಇಲ್ಲ. ಕ್ಲಚ್ ತುಳಿದ ಮೇಲೂ ಗೇರ್‌ಬಾಕ್ಸಿನೊಳಗಿನ ಶಾಫ್ಟು ತನ್ನ ರಭಸಕ್ಕೆ ಒಂದೆರಡು ಸೆಕೆಂಡು ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವುದಕ್ಕೆ ಬೇಕಾದ ಹೊತ್ತು ಸರಿಯಾಗಿ ಮೂರು ಗೋವಿಂದ. ಥರ್ಡ್ ಮುಟ್ಟಿಸುವುದರ ಗುಟ್ಟೂ ಅಂಥದ್ದೇ. ಸೆಕೆಂಡಿನ ಬಳೆ ಸವೆದಿದೆ, ಥರ್ಡಿನದು ಇನ್ನೂ ಗಟ್ಟಿಯಿದೆ; ಅದರಿಂದ ಶಾಫ್ಟಿನ ವೇಗ ಇಳಿಸಿಕೊಂಡು ಸೆಕೆಂಡಿಗೆ ಜಾರಿಕೊಳ್ಳುವುದು. ಸವೆದವನ ಕೆಲಸವನ್ನು ಪಕ್ಕದವನಿಂದ ಮಾಡಿಸಿಕೊಳ್ಳುವ ಈ ಚಾತುರ್ಯ ರಾಯರಿಗೆ ಸಿದ್ಧಿಸಿದ್ದು ಸರ್ಕಾರಿ ಕಚೇರಿಯ ಸುದೀರ್ಘ ಸರ್ವಿಸಿನಲ್ಲಿ ಎಂದು ನನ್ನ ಗುಮಾನಿ.

ಬೇರೆಯವರ ಕಾರಾದರೆ ರಾಯರಷ್ಟು ಒಳ್ಳೆಯ ವೈದ್ಯರಿಲ್ಲ. ಬೀದಿಯಲ್ಲಿ ಯಾರ ಗೇರು ಕರ್ ಅಂದರೂ ಬನಿಯನ್ನು ಪಂಚೆಯಲ್ಲೇ ಗೇಟು ದಾಟಿ ಬರುತ್ತಾರೆ. ಎದುರುಮನೆ ಮೇಷ್ಟ್ರು ಒಂದು ಹಳೇ ಝೆನ್ ತಂದಿದ್ದರು. ಫಸ್ಟು ಬೀಳದು, ರಿವರ್ಸು ಬೀಳುತ್ತಿತ್ತು, ಆದರೆ ಬೀದಿಗೆಲ್ಲ ಕೇಳಿಸಿ. ಯಾವುದೋ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂದಿದ್ದರಂತೆ.

‘ಮೇಷ್ಟ್ರೇ, ಎಂಜಿನ್ ಆಫ್ ಮಾಡಿ. ಈಗ ಒಂದೊಂದೇ ಗೇರ್ ಹಾಕಿ.’

‘ಸಲೀಸಾಗಿ ಬೀಳ್ತಿವೆಯಲ್ಲ ರಾಯರೇ!’

‘ಬೀಳಲೇಬೇಕು. ಎಂಜಿನ್ ನಿಂತಾಗ ಸಲೀಸು, ಓಡುವಾಗ ಕಷ್ಟ ಅಂದ್ರೆ ಗೇರ್‌ಬಾಕ್ಸ್ ನಿರಪರಾಧಿ. ಕ್ಲಚ್ಚು ಪೂರ್ತಿ ಬಿಡ್ತಿಲ್ಲ. ನಿಂತಾಗಲೂ ಬೀಳದಿದ್ರೆ ಆಗ ಲಿಂಕೇಜು, ಗೇರ್‌ಬಾಕ್ಸು ಅಂತ ತಲೆ ಕೆಡಿಸ್ಕೋಬೇಕು.’

ಹೀಗೆಂದವರೇ ಮಂಡಿಯೂರಿ ಪೆಡಲನ್ನು ಕೈಯಲ್ಲಿ ಒತ್ತಿದರು. ಕೇಬಲ್ ಇರುವ ಕ್ಲಚ್ಚಿನಲ್ಲಿ ಪೆಡಲು ಸುಮಾರು ಬೆರಳಗಲ ಸುಮ್ಮನೆ ಒಳಗೆ ಹೋಗಿ, ಆಮೇಲೆ ಭಾರ ಸಿಗಬೇಕು. ಆ ಸಡಿಲ ಜಾಸ್ತಿಯಾದರೆ ಕ್ಲಚ್ಚು ಬಿಡದು, ಗೇರು ಕೂಗುತ್ತದೆ. ಸಡಿಲವೇ ಇಲ್ಲದಿದ್ದರೆ ಹಿಡಿಯದು, ಪ್ಲೇಟು ಜಾರಿ ಸುಡುತ್ತದೆ. ಮೇಷ್ಟ್ರ ಕಾರಿನಲ್ಲಿ ಸಡಿಲ ಸರಿಯಾಗಿಯೇ ಇತ್ತು. ರಾಯರು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಪೆಡಲಿನ ಕೆಳಗೆ ಕೈಹಾಕಿ, ಹೊಸದಾಗಿ ಹಾಸಿದ್ದ ದಪ್ಪನೆಯ ಮ್ಯಾಟನ್ನೂ, ಅದರಡಿಯ ಹಳೇ ಮ್ಯಾಟನ್ನೂ, ಅದರಡಿಯ ಮಡಚಿದ ದಿನಪತ್ರಿಕೆಯನ್ನೂ ಹೊರಗೆಳೆದರು. ಪೆಡಲು ತಳದವರೆಗೆ ಹೋಯಿತು. ರಿವರ್ಸು ಸದ್ದಿಲ್ಲದೆ ಬಿತ್ತು. ಗೇರ್‌ಬಾಕ್ಸಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಮೇಷ್ಟ್ರು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು.

ಇಂಥ ಧನ್ವಂತರಿಯ ಸ್ವಂತ ಕ್ಲಚ್ಚಿನ ಸ್ಥಿತಿ ಕೇಳಿ. ಚಾಮುಂಡಿ ಬೆಟ್ಟದ ಏರಿನಲ್ಲಿ ಎಂಜಿನ್ ಆರ್ಭಟಿಸುತ್ತದೆ, ಕಾರು ಮಾತ್ರ ಪಾದಯಾತ್ರೆಯವರ ಜೊತೆ ಹೆಜ್ಜೆ ಹಾಕುತ್ತದೆ.

‘ರೀ, ಏನೋ ಸುಟ್ಟ ವಾಸನೆ.’

‘ಮುಂದಿನ ಬಸ್ಸಿನದು.’

‘ಮುಂದೆ ಬಸ್ಸೇ ಇಲ್ವಲ್ರೀ.’

‘ಈಗ ತಾನೇ ಹೋಯ್ತು.’

ಪ್ಲೇಟು ಜಾರುತ್ತಿದೆಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆಯಿದೆ. ಬಯಲು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಟಾಪ್ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಟ್ಟರೆ ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟಿನ ಕಥೆ ಮುಗಿಯಿತು. ಇದನ್ನು ಬೀದಿಗೆಲ್ಲ ಕಲಿಸಿದವರೇ ರಾಯರು. ಮೇಷ್ಟ್ರು ಒಂದು ಭಾನುವಾರ ಬಿಡದೆ ಅವರ ಕಾರಿನಲ್ಲೂ ಮಾಡಿಸಿದರು. ಎಂಜಿನ್ ಆಫ್ ಆಗಲಿಲ್ಲ. ರಾಯರು ಬಾನೆಟ್ ತಟ್ಟಿ, ‘ನೋಡಿದ್ರಾ ತಾಕತ್ತು! ಟಾಪ್ ಗೇರಲ್ಲಿ ಹಿಡಿದು ನಿಲ್ಲಿಸಿದ್ರೂ ಉಸಿರು ಬಿಡಲ್ಲ’ ಅಂದರು.

ಪ್ಲೇಟು ಹೀಗಾಗಲು ಕಾರಣ ಅವರ ಎಡಗಾಲು. ಅದು ಪೆಡಲಿನಿಂದ ಕೆಳಗಿಳಿದದ್ದನ್ನು ಕಂಡವರಿಲ್ಲ. ಬೇರೆಯವರು ಹಾಗೆ ಕಾಲಿಟ್ಟರೆ ಮಹಾಪರಾಧ: ಕಾಲು ಊರಿದಷ್ಟು ಹೊತ್ತೂ ರಿಲೀಸ್ ಬೇರಿಂಗಿನ ಮೇಲೆ ಭಾರ, ಪ್ಲೇಟು ಅರ್ಧಂಬರ್ಧ ಹಿಡಿದು ಸವೆತ, ಎಂದು ಪಾಠ. ಸ್ವಂತ ಕಾಲಿಗೆ ವಿನಾಯಿತಿ. ‘ನಾನು ಇಟ್ಟಿಲ್ಲ ಸ್ವಾಮಿ, ಮುಟ್ಟಿದೀನಿ ಅಷ್ಟೆ. ಅದಕ್ಕೂ ಒಂದು ಧೈರ್ಯ ಬೇಕಲ್ಲ.’ ಕ್ಲಚ್ ತುಳಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗು, ತುಳಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಬೇರಿಂಗು ಎಂಬ ಸೂತ್ರವನ್ನೂ ಅವರೇ ಹೇಳಿಕೊಟ್ಟಿದ್ದು. ಅವರ ಕಾರು ತುಳಿದಾಗಲೂ ಕೂಗುತ್ತದೆ, ಬಿಟ್ಟಾಗಲೂ ಕೂಗುತ್ತದೆ. ಹಾಗಾಗಿ ಸೂತ್ರ ತಮಗೆ ಅನ್ವಯಿಸುವುದಿಲ್ಲ ಎಂಬುದು ಅವರ ವಾದ.

ಮೆಕ್ಯಾನಿಕ್ ಭಾಯ್ ಹೇಳಿ ಹೇಳಿ ಸೋತಿದ್ದಾನೆ. ‘ಸಾರ್, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರೂ ಒಟ್ಟಿಗೆ ಹಾಕ್ಸಿಬಿಡಿ. ಬಿಚ್ಚೋ ಕೂಲಿ ಒಂದೇ.’ ಅವನ ಮಾತು ಸರಿಯೇ. ಸಾಮಾನಿಗಿಂತ ಗೇರ್‌ಬಾಕ್ಸ್ ಇಳಿಸಿ ಏರಿಸುವುದೇ ದೊಡ್ಡ ಕೆಲಸ. ಪ್ಲೇಟೊಂದನ್ನೇ ಹಾಕಿಸಿ, ಆರು ತಿಂಗಳಿಗೆ ಬೇರಿಂಗು ಹೋದರೆ ಮತ್ತೆ ಅಷ್ಟೂ ಬಿಚ್ಚಬೇಕು. ರಾಯರಿಗೆ ಇದೆಲ್ಲ ಗೊತ್ತು. ಆದರೆ ‘ಕಂಪನಿ ಫಿಟ್ಟಿಂಗ್ ಕಣಯ್ಯಾ. ಒಂದು ಸಲ ಇಳಿಸಿದ ಗೇರ್‌ಬಾಕ್ಸು ಮತ್ತೆ ಮೊದಲಿನ ಹಾಗೆ ಕೂರುತ್ತಾ?’ ಎಂದು ಕೇಳುತ್ತಾರೆ. ಕೂರುತ್ತದೆ. ದಿನಾ ಎಷ್ಟೋ ಗ್ಯಾರೇಜುಗಳಲ್ಲಿ ಕೂರುತ್ತಲೇ ಇದೆ.

ಹಾಗೆಂದು ರಾಯರು ಜುಗ್ಗರಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ತಾವೇ ಹೋಗಿ, ಅಂಗಡಿ ಅಂಗಡಿ ಅಲೆದು, ಅಸಲಿಯೋ ನಕಲಿಯೋ ಎಂದು ಪೆಟ್ಟಿಗೆಯ ಮುದ್ರೆಯನ್ನು ಕನ್ನಡಕ ಏರಿಸಿ ನೋಡಿ, ಪೂರ್ತಿ ಕ್ಲಚ್ ಸೆಟ್ಟನ್ನೇ ತಂದರು. ಎಮರ್ಜೆನ್ಸಿಗೆ ಬೇಕಾಗುತ್ತದೆಂದು ಕಾರಿನ ಡಿಕ್ಕಿಯಲ್ಲಿಟ್ಟರು. ಅಂದಿನಿಂದ ಹೊಸ ಕ್ಲಚ್ಚು ಡಿಕ್ಕಿಯಲ್ಲಿ ಕೂತು ಪ್ರಯಾಣ ಮಾಡುತ್ತಿದೆ, ಹಳೇ ಕ್ಲಚ್ಚು ಅದನ್ನೂ ಸೇರಿಸಿ ಎಳೆಯುತ್ತಿದೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟ ಮೇಲೆ ಡಿಕ್ಕಿ ತೆಗೆದು ಆ ಪೆಟ್ಟಿಗೆಗೂ ಕುಂಕುಮ ಹಚ್ಚುತ್ತಾರೆ. ಕುಂಕುಮದಡಿ ಕಂಪನಿಯ ಹೆಸರು ಈಗ ಓದಲು ಬರುವುದಿಲ್ಲ.

2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು. ಮರುತಿಂಗಳೇ ಅದೇ ಕಂಪನಿ, ಕ್ಲಚ್ ಪೆಡಲಿಲ್ಲದೆಯೂ ಸಿಗುವ ಸೆಲೆರಿಯೋ ತಂದಿತು. ರಾಯರು ಇದನ್ನು ತಮಗೇ ಮಾಡಿದ ಅವಮಾನವೆಂದು ತಿಳಿದಿದ್ದಾರೆ. ಮಗ ಕೊಂಡದ್ದೂ ಅಂಥದ್ದೇ ಎರಡು ಪೆಡಲಿನ ಗಾಡಿ. ಅಪ್ಪ ಪಕ್ಕದ ಸೀಟಿನಲ್ಲಿ ಕೂತು, ಅದು ಗೇರ್ ಬದಲಿಸಿದಾಗಲೆಲ್ಲ ಎಡಗಾಲಿನಲ್ಲಿ ನೆಲ ತುಳಿಯುತ್ತಾರೆ. ಒಂದು ಏರಿನಲ್ಲಿ ಆ ಕಾರು ಗೇರಿಗೆ ತಡವರಿಸಿತು. ರಾಯರಿಗೆ ಅಷ್ಟು ಸಾಕಾಯಿತು. ‘ಇದರೊಳಗೂ ಮಾಮೂಲಿ ಕ್ಲಚ್ ಪ್ಲೇಟೇ ಇದೆ ಕಣೋ, ತುಳಿಯೋದು ಮಾತ್ರ ಕಂಪ್ಯೂಟರು. ಅದಕ್ಕೆ ಗೋವಿಂದ ಅನ್ನೋಕೆ ಬರುತ್ತೇನೋ?’

ಹಳೇ ಕಾರು ಕೊಳ್ಳುವ ಯೋಚನೆ ನಿಮಗಿದ್ದರೆ ನಿಮ್ಮ ಬೀದಿಯ ರಾಯರನ್ನು ತಪ್ಪದೆ ಕರೆದುಕೊಂಡು ಹೋಗಿ. ಆ ಗಾಡಿಯ ಕ್ಲಚ್ಚು, ಗೇರು, ಮಾರುವವನ ಸತ್ಯಸಂಧತೆ ಮೂರನ್ನೂ ಐದು ನಿಮಿಷದಲ್ಲಿ ತೂಗಿ ಹೇಳುತ್ತಾರೆ. ಹೋಗುವುದು ಮಾತ್ರ ಆಟೋದಲ್ಲಿ ಹೋಗಿ.